ಇಲ್ಲದ ಫ್ಲಾಪಿಗೆ ವಿಭೂತಿ

೧೯೯೬ರಲ್ಲಿ, ಒಂಬತ್ತನೆಯ ತರಗತಿಯ ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮರುವಾರ, ನಾನು ಓದು ನಿಲ್ಲಿಸಿದೆ. ಯಾರೂ ಬಿಡಿಸಲಿಲ್ಲ, ಮನೆಯಲ್ಲಿ ಅಂಥ ಕಷ್ಟವೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಶಾಲೆ ಬಿಟ್ಟವನು ಎಂದ ಕೂಡಲೇ ಎದುರಿನವರು ಮುಖ ಸಣ್ಣದು ಮಾಡಿಕೊಂಡು ಕನಿಕರಪಡಲು ಸಿದ್ಧರಾಗುತ್ತಾರೆ, ಆ ಶ್ರಮ ಅವರಿಗೆ ಬೇಡ. ವಿಜ್ಞಾನದ ಮೇಷ್ಟ್ರು ಬೋರ್ಡಿನ ಮೇಲೆ ರೇಡಿಯೋದ ಒಳಗಿನ ಚಿತ್ರ ಬರೆದು ಭಾಗಗಳ ಹೆಸರನ್ನು ಬಾಯಿಪಾಠ ಮಾಡಿಸುತ್ತಿದ್ದರು. ನಾನು ಅಷ್ಟರಲ್ಲಿ ಮನೆಯ ರೇಡಿಯೋವನ್ನು ಎರಡು ಸಲ ಬಿಚ್ಚಿ ಜೋಡಿಸಿದ್ದೆ. ಚಿತ್ರದಲ್ಲಿ ಒಂದು ಭಾಗ ತಪ್ಪು ಜಾಗದಲ್ಲಿದೆ ಎಂದು ಎದ್ದು ಹೇಳಿದೆ. "ಸುಮ್ನಿರು, ನಿನಗೇನು ಗೊತ್ತಾಗುತ್ತೆ" ಎಂದು ಹೊರಗೆ ನಿಲ್ಲಿಸಿದರು. ಹೊರಗೆ ನಿಂತವನು ಹಾಗೇ ಮನೆಗೆ ನಡೆದೆ. ಇದುವರೆಗೂ ಅವರು ಒಳಗೆ ಕರೆದಿಲ್ಲ.

ಅಂದಿನಿಂದ ದುಡಿಯುತ್ತಿದ್ದೇನೆ. ಮೊದಲು ರೇಡಿಯೋ, ಆಮೇಲೆ ಟೇಪು, ಟಿವಿ, ಕೊನೆಗೆ ಕಂಪ್ಯೂಟರು. ದಾವಣಗೆರೆಯ ಹಳೇ ಪೇಟೆಯ ಗಲ್ಲಿಯೊಂದರಲ್ಲಿ ನನ್ನ ಅಂಗಡಿ. ಇಬ್ಬರು ಗಿರಾಕಿಗಳು ಒಟ್ಟಿಗೆ ಬಂದರೆ ಒಬ್ಬರು ಮೆಟ್ಟಿಲ ಮೇಲೆ ನಿಲ್ಲಬೇಕು, ಅಷ್ಟು ಅಗಲ.

ಗುಜರಿಗೆ ಬಂದಿದ್ದ ಒಂದು ಕಂಪ್ಯೂಟರಿನ ಹೊಟ್ಟೆಯೊಳಗೆ ಒಮ್ಮೆ ಒಂದು ಸಿ.ಡಿ. ಸಿಕ್ಕಿತು. ಅದರಲ್ಲಿ ಲಿನಕ್ಸ್ ಇತ್ತು. ಕಂಪ್ಯೂಟರನ್ನು ನಡೆಸುವ ತಂತ್ರಾಂಶ ಅದು, ಯಾರ ಅಪ್ಪಣೆಯೂ ಇಲ್ಲದೆ ಬಳಸಬಹುದು, ಅದರ ಒಳಗಿನ ಬರವಣಿಗೆಯನ್ನು ಓದಬಹುದು, ತಿದ್ದಲೂಬಹುದು. ನಾನು ಇಂಗ್ಲಿಷ್ ಕಲಿತದ್ದು ಅದರ ಕಮಾಂಡುಗಳಿಂದಲೇ. ಹಾಗಾಗಿ ನನ್ನ ಇಂಗ್ಲಿಷಿನಲ್ಲಿ ದಯವಿಟ್ಟು ಎಂಬ ಪದ ಇಲ್ಲ.

ಗಿರಾಕಿಗಳಿಗೆ ಮಾತ್ರ ಅದರ ಮೇಲೆ ನಂಬಿಕೆ ಬರಲಿಲ್ಲ. ಪುಕ್ಕಟೆ ಎಂದರೆ ನಮ್ಮೂರಿನಲ್ಲಿ ಎರಡೇ ಅರ್ಥ: ಒಂದೋ ಕೆಟ್ಟಿದೆ, ಇಲ್ಲವೋ ಚುನಾವಣೆ ಬಂದಿದೆ.

ನನಗೆ ಅದು ಹಿಡಿಸಿದ್ದಕ್ಕೆ ಬೇರೆಯೇ ಕಾರಣವಿತ್ತು. ಒಂದು ಕಡತವನ್ನು ತೋರಿಸಿ, ಇದು ಕಡತವಲ್ಲ, ಡಿಸ್ಕು ಎಂದು ಲಿನಕ್ಸಿಗೆ ಹೇಳಿದರೆ ಅದು ಒಪ್ಪಿಕೊಳ್ಳುತ್ತದೆ. ಡಿಸ್ಕಿಗೆ ಸಲ್ಲುವ ಮರ್ಯಾದೆಯನ್ನೆಲ್ಲ ಆ ಕಡತಕ್ಕೆ ಸಲ್ಲಿಸುತ್ತದೆ. ಅದಕ್ಕೆ ಡಬ್ಬಿ ಬೇಡ, ಮೋಟರು ಬೇಡ, ಕೈಗೆ ಸಿಗುವಂಥ ವಸ್ತುವೇ ಬೇಡ. ಕೆಲಸ ಮಾಡಿದರೆ ಸಾಕು, ಸರ್ಟಿಫಿಕೇಟು ಕೇಳುವುದಿಲ್ಲ. ಇಂಥ ಸಭ್ಯತೆಯನ್ನು ನಾನು ಬೇರೆ ಯಾವ ಆಫೀಸಿನಲ್ಲೂ ಕಂಡಿರಲಿಲ್ಲ.

ಕೆಲವು ವರ್ಷಗಳ ಹಿಂದೆ, ದಸರೆ ಕಳೆದ ಮೇಲಿನ ಒಂದು ಗುರುವಾರ, ಹರಿಹರದಿಂದ ಬಸ್ಸಿನಲ್ಲಿ ಒಬ್ಬ ಹಿರಿಯರು ಅಂಗಡಿಗೆ ಬಂದರು. ಅಲ್ಲಿಯ ಒಂದು ಶೆಡ್ಡಿನಲ್ಲಿ ಕಂಪ್ಯೂಟರ್ ಲೇತ್ ನಡೆಸುವವರು. ಅಕ್ಕಿ ಗಿರಣಿಗಳಿಗೆ ಬೇಕಾದ ಬುಶ್ಶು, ಶಾಫ್ಟಿನಂಥ ಕಬ್ಬಿಣದ ಬಿಡಿಭಾಗಗಳನ್ನು ಆ ಲೇತಿನಲ್ಲಿ ಕೊರೆಯುತ್ತಾರೆ. ಶೆಡ್ಡಿನವರೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಊಟದ ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದರು. ಅದರೊಳಗೆ ಬಿಳಿ ಬಟ್ಟೆ, ಬಟ್ಟೆಯೊಳಗೆ ಒಂದು ಫ್ಲಾಪಿ, ಹಿಂದಿನ ಕಾಲದ ಅಂಗೈಯಗಲದ ಚೌಕ ಡಿಸ್ಕು.

"ಬೇಟಾ, ಇದೊಂದೇ ಉಳಿದೈತೆ," ಎಂದರು. "ಇದೂ ಹೋದ್ರೆ ಸೋಮವಾರ ಮಿಷನ್ ಜೊತೆ ನಾನೂ ಗುಜರಿ ಲಾರಿ ಹತ್ತೋದೇ."

ಮೆಟ್ಟಿಲ ಮೇಲೆ ಕೂರಿಸಿ, ಚಹಾ ತರಿಸಿ, ನಡೆದದ್ದನ್ನು ಕೇಳಿದೆ.

ಆ ಲೇತ್ ಹಳೆಯ ಕಾಲದ್ದು. ಬುಶ್ ಹೇಗೆ ಕೊರೆಯಬೇಕೆಂಬ ಲೆಕ್ಕವೆಲ್ಲ ಫ್ಲಾಪಿಗಳಲ್ಲಿ. ಫ್ಲಾಪಿ ಓದುವ ಪೆಟ್ಟಿಗೆ ಲೇತಿನ ಹೊರಗಡೆ ಸ್ಟೂಲಿನ ಮೇಲೆ ಇರುತ್ತದೆ. ಒಂದು ದಪ್ಪ ಕೇಬಲಿನಲ್ಲಿ ಅದಕ್ಕೂ ಲೇತಿಗೂ ಮಾತುಕತೆ. ಪ್ರತಿ ವರ್ಷ ಆಯುಧ ಪೂಜೆಯಲ್ಲಿ ಶೆಡ್ಡಿನ ಮಾಲೀಕರು ಲೇತಿಗೆ ಮಾಲೆ ಹಾಕಿ, ಪೆಟ್ಟಿಗೆಯ ಮುಚ್ಚಳಕ್ಕೆ ವಿಭೂತಿ ಹಚ್ಚಿ, ಕುಂಕುಮದ ಬೊಟ್ಟಿಡುತ್ತಿದ್ದರು. ಅದರಿಂದ ಇಷ್ಟು ವರ್ಷ ಯಾರಿಗೂ ತೊಂದರೆಯಾಗಿರಲಿಲ್ಲ. ಆದರೆ ಆ ವರ್ಷ ವ್ಯಾಪಾರ ಸ್ವಲ್ಪ ಮಂದವಾಗಿತ್ತು. ಭಕ್ತಿ ಹೊರಗಿನ ತಗಡಿಗಷ್ಟೇ ಸಲ್ಲುತ್ತಿದೆ, ಒಳಗಿನ ವಿದ್ಯೆಗೆ ಮುಟ್ಟುತ್ತಿಲ್ಲ ಎಂದು ಅವರಿಗೆ ಹೊಳೆಯಿತು. ಒಂದು ಫ್ಲಾಪಿಯ ತಗಡಿನ ಬಾಗಿಲನ್ನು ಉಗುರಿನಿಂದ ಸರಿಸಿದರು. ಒಳಗಿನ ಕಂದು ಬಣ್ಣದ ಹಾಳೆ ಕಂಡಿತು. ಅದರ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದು, ಮಧ್ಯೆ ಒಂದು ಬೊಟ್ಟಿಟ್ಟು, ಮುಹೂರ್ತ ಮೀರಬಾರದೆಂದು ತಕ್ಷಣ ಪೆಟ್ಟಿಗೆಗೆ ಹಾಕಿ ಲೇತ್ ಚಾಲು ಮಾಡಿದರು.

ಪೆಟ್ಟಿಗೆ ಗರಗಸದಂತೆ ಕೂಗಿತು. ಈ ಫ್ಲಾಪಿಯಲ್ಲೇ ದೋಷವಿರಬೇಕು ಎಂದು ಅದನ್ನು ತೆಗೆದು ಎರಡನೆಯದನ್ನು ಹಾಕಿದರು. ಓದುವ ತಲೆಗೆ ಆಗಲೇ ಬೂದಿ ಮೆತ್ತಿಕೊಂಡಿತ್ತು, ಅದು ಎರಡನೆಯದನ್ನೂ ಕೆರೆಯಿತು. ಮೂರನೆಯದು, ನಾಲ್ಕನೆಯದು. ಹೀಗೆ ಹನ್ನೊಂದು ಫ್ಲಾಪಿಗಳನ್ನೂ, ಯಾವುದಕ್ಕೂ ಭೇದ ಮಾಡದೆ, ಶ್ರದ್ಧೆಯಿಂದ ಮುಗಿಸಿದರು. ಕೊನೆಗೆ ಪೆಟ್ಟಿಗೆಯೂ ಸುಮ್ಮನಾಯಿತು.

ಚಾಚಾ ಅಂದು ಶೆಡ್ಡಿನಲ್ಲಿ ಇರಲಿಲ್ಲ. ಕೆಲಸವಿಲ್ಲದ ದಿನವೆಂದು ಬಾತಿಯ ಬೀಗರ ಮನೆಗೆ ಹೋಗಿದ್ದರು. ಮರುದಿನ ಬಂದಾಗ ಲೇತ್ ಮಾಲೆ ಹಾಕಿಕೊಂಡು ನಿಂತಿತ್ತು. ಪದೇಪದೇ ಫ್ಲಾಪಿ ಬದಲಿಸುವುದು ಬೇಜಾರಾಗಿ, ದಿನನಿತ್ಯ ಬೇಕಾದ ಕೆಲಸಗಳನ್ನೆಲ್ಲ ಅವರು ಎಂದೋ ಒಂದೇ ಫ್ಲಾಪಿಗೆ ನಕಲು ಮಾಡಿ ಮನೆಯಲ್ಲಿ ಇಟ್ಟುಕೊಂಡಿದ್ದರು. ಪೂಜೆ ಆಗದ ಕಾರಣ ಉಳಿದ ಫ್ಲಾಪಿ ಅದೊಂದೇ.

ಮಾಲೀಕರು ಹೊರಗಿನಿಂದ ಒಬ್ಬ ಸಲಹೆಗಾರ ಎಂಜಿನಿಯರನ್ನು ಕರೆಸಿದರು. ಅವರು ನೋಡಿ, ಇದರ ಆಯುಷ್ಯ ಮುಗಿದಿದೆ, ಹೊಸ ಯಂತ್ರ ತರಿಸಿ, ಅದನ್ನು ನಡೆಸಲು ಡಿಪ್ಲೊಮಾ ಆದವರನ್ನು ಇಟ್ಟುಕೊಳ್ಳಿ ಎಂದು ಬರೆದುಕೊಟ್ಟರು. ಲೇತ್ ಸೋಮವಾರ ಗುಜರಿಗೆ ಎಂದು ತೀರ್ಮಾನವಾಯಿತು. ಚಾಚಾಗೆ ಐವತ್ತೇಳು ವರ್ಷ. ಆ ಒಂದು ಲೇತಿನ ಮುಂದೆಯೇ ಇಪ್ಪತ್ತೆರಡು ವರ್ಷ ನಿಂತವರು. ಬೇರೆ ಯಂತ್ರ ತಿಳಿಯದು. ಅವರಿಗೆ ಹೋಗೆಂದು ಯಾರೂ ಹೇಳಿರಲಿಲ್ಲ. ಹೊಸ ಯಂತ್ರದ ಚಿತ್ರ ತೋರಿಸಿದ್ದರು, ಅಷ್ಟೇ.

ಮೊದಲು ಆ ಫ್ಲಾಪಿಯನ್ನು ಓದಬೇಕಿತ್ತು. ನನ್ನಲ್ಲಿದ್ದ ಹಳೆಯ ಫ್ಲಾಪಿ ಡ್ರೈವನ್ನು ಬಿಚ್ಚಿ, ತಲೆಯನ್ನು ಸ್ಪಿರಿಟ್ಟಿನಲ್ಲಿ ಮೂರು ಸಲ ಒರೆಸಿದೆ. ಒಂದು ಸಲ ಓದಿಸಲು ಸಿಕ್ಕರೆ ಸಾಕು. ಇಡೀ ಫ್ಲಾಪಿಯನ್ನು, ಅದರಲ್ಲಿ ಏನಿದೆ ಎಂದು ತಲೆ ಕೆಡಿಸಿಕೊಳ್ಳದೆ, ಮೊದಲಿನಿಂದ ಕೊನೆಯವರೆಗೆ ಒಂದು ಕಡತಕ್ಕೆ ಇಳಿಸಿಕೊಳ್ಳುವ ಕಮಾಂಡು ಲಿನಕ್ಸಿನಲ್ಲಿದೆ. ಓದಲಾಗದ ಜಾಗ ಬಂದರೆ ಅದನ್ನು ಬಿಟ್ಟು ಮುಂದೆ ಹೋಗಿ, ಆಮೇಲೆ ಬಂದು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಸಾಲ ವಸೂಲಿಯವರಲ್ಲಿ ಕೂಡ ಅಷ್ಟು ತಾಳ್ಮೆ ಇರುವುದಿಲ್ಲ. ಎರಡು ಕಡೆ ತಡವರಿಸಿತು. ಚಾಚಾ ಕಣ್ಣು ಮುಚ್ಚಿಕೊಂಡು ಡ್ರೈವಿನ ಸದ್ದನ್ನೇ ಕೇಳುತ್ತಿದ್ದರು. ಮೊದಲ ತಡೆ ಬೇಗ ಬಿಟ್ಟಿತು. ಎರಡನೆಯದು ಬಿಡುವಷ್ಟರಲ್ಲಿ ಅವರ ಚಹಾ ಆರಿಹೋಗಿತ್ತು. ಕೊನೆಗೆ ಪೂರ್ತಿ ಇಳಿಯಿತು. ಫ್ಲಾಪಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಅವರ ಕೈಗೆ ಕೊಟ್ಟೆ.

ಇನ್ನು ಪೆಟ್ಟಿಗೆ. ಸತ್ತ ಪೆಟ್ಟಿಗೆಯ ಜಾಗದಲ್ಲಿ ಒಂದು ಕಂಪ್ಯೂಟರು ಕೂತು, ಲೇತ್ ಕೇಳಿದ್ದಕ್ಕೆಲ್ಲ ಆ ಪೆಟ್ಟಿಗೆಯ ಹಾಗೆಯೇ ಉತ್ತರ ಕೊಡಬೇಕು. ಫ್ಲಾಪಿ ಇದೆಯೇ ಎಂದರೆ ಇದೆ ಎನ್ನಬೇಕು, ಮೂರನೆಯ ಪುಟ ಓದು ಎಂದರೆ ಕಡತದಿಂದ ಓದಿ ಹೇಳಬೇಕು. ಇಂಥದೇ ಪೆಟ್ಟಿಗೆಗಾಗಿ ಎಲ್ಲೋ ದೂರದ ದೇಶದಲ್ಲಿ ಯಾರೋ ಒಂದು ಪ್ರೋಗ್ರಾಮು ಬರೆದು ಎಲ್ಲರಿಗೂ ಬಿಟ್ಟಿದ್ದರು. ಅವರು ಬರೆದದ್ದು ಸ್ವೆಟರ್ ಹೆಣೆಯುವ ಯಂತ್ರಕ್ಕೆ. ಅಕ್ಕಿ ಗಿರಣಿಯ ಬುಶ್ಶಿಗೆ ಅದನ್ನು ಒಗ್ಗಿಸಲು ನನಗೆ ಶುಕ್ರವಾರ ಪೂರ್ತಿ ಹಿಡಿಯಿತು.

ಶನಿವಾರ ಬೆಳಿಗ್ಗೆ ಹಳೆಯ ಕಂಪ್ಯೂಟರೊಂದನ್ನು ಹೊತ್ತುಕೊಂಡು ಹರಿಹರದ ಬಸ್ಸು ಹತ್ತಿದೆ. ಕಂಡಕ್ಟರು ಅದಕ್ಕೂ ಅರ್ಧ ಟಿಕೆಟ್ ಹರಿದರು.

ಶೆಡ್ಡಿನಲ್ಲಿ ಒಂದೇ ಒಂದು ಮೆತ್ತೆಯ ಕುರ್ಚಿ ಇತ್ತು. ಅದರಲ್ಲಿ ಎಂಜಿನಿಯರು ಕೂತಿದ್ದರು. ಮಾಲೀಕರು ಕಬ್ಬಿಣದ ಸ್ಟೂಲಿನ ಮೇಲಿದ್ದರು. ನನಗೆ, "ಬರ್ರಿ, ಕೂಡ್ರಿ" ಎಂದು ಒಂದು ಪೇಂಟಿನ ಡಬ್ಬಿ ತೋರಿಸಿದರು. ಎಂಜಿನಿಯರ ತೊಡೆಯ ಮೇಲೆ ಸುರುಳಿ ಬೈಂಡಿಂಗಿನ ವರದಿ ಇತ್ತು. ಕೇಳಿ ಇಸಿದುಕೊಂಡು ನೋಡಿದೆ. ಹಳೆಯ ಲೇತಿಗೆ ಒಂದು ಪುಟ, ಉಳಿದದ್ದೆಲ್ಲ ಹೊಸ ಯಂತ್ರದ ಬಣ್ಣದ ಚಿತ್ರಗಳು. ಮದುವೆ ದಲ್ಲಾಳಿಯ ಆಲ್ಬಮ್ಮಿನ ಹಾಗೆ.

"ನಿಮ್ಮ ಕ್ವಾಲಿಫಿಕೇಶನ್ ಏನು?" ಎಂದು ಎಂಜಿನಿಯರು ಕೇಳಿದರು.

"ಒಂಬತ್ತನೇ ಕ್ಲಾಸು ಸರ್. ಅರ್ಧ."

"ಅರ್ಧ ಅಂದ್ರೆ?"

"ಮೊದಲ್ನೇ ಅರ್ಧ ಸರ್. ಪಾಸಾಗಿತ್ತು."

ಅವರು ಮಾಲೀಕರ ಕಡೆ ನೋಡಿದರು. ಮಾಲೀಕರು ಒಳ್ಳೆಯ ಮನುಷ್ಯ, ಹಣೆಯ ತುಂಬ ವಿಭೂತಿ, ಮೂರು ತಲೆಮಾರಿನ ವ್ಯಾಪಾರಸ್ಥರ ಮನೆಯವರು. ಅವರ ಚಿಂತೆ ಬೇರೆ ಇತ್ತು.

"ನೀವು ತಂದಿರೋ ಈ ಲಿನಕ್ಸು ಯಾವ ಕಂಪನೀದ್ರಿ?"

"ಯಾವ ಕಂಪನೀದೂ ಅಲ್ರಿ. ಎಲ್ಲಾರ್ದೂ."

"ಹಂಗಾರೆ ಕೆಟ್ಟೋದ್ರೆ ಯಾರನ್ನ ಬೈಯೋದ್ರಿ?"

"ನನ್ನ ಬೈರಿ."

ಅವರ ಮುಖ ಸ್ವಲ್ಪ ತಿಳಿಯಾಯಿತು. ಬೈಗುಳಕ್ಕೆ ಒಂದು ವಿಳಾಸ ಸಿಕ್ಕಿತ್ತು, ಅದೂ ಹತ್ತಿರದ್ದು, ದಾವಣಗೆರೆಯದ್ದು.

ಕೇಬಲ್ ಚುಚ್ಚಿದೆ. ಪ್ರೋಗ್ರಾಮು ಚಾಲು ಮಾಡಿದೆ. ಚಾಚಾ ಲೇತಿನ ಗುಂಡಿ ಒತ್ತಿದರು. ಲೇತ್ ಕೇಳಿತು, ನನ್ನ ಪ್ರೋಗ್ರಾಮು ಉತ್ತರಿಸಿತು, ಲೇತಿನ ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ತಪ್ಪು ಎಂದು ಬಂತು. ಮತ್ತೆ ಒತ್ತಿದರು, ಮತ್ತೆ ತಪ್ಪು. ಎಂಜಿನಿಯರು ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡರು. ಆ ಟಿಕ್ ಎಂಬ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಕೇಬಲನ್ನು ಬೈದೆ. ಬದಲಾಯಿಸಿದೆ. ಅರ್ಥಿಂಗ್ ಸರಿಯಿಲ್ಲ ಎಂದೆ. ಶೆಡ್ಡಿನ ಅರ್ಥಿಂಗ್ ನನ್ನ ಅಂಗಡಿಯದಕ್ಕಿಂತ ಚೆನ್ನಾಗಿತ್ತು. ಪ್ರೋಗ್ರಾಮಿನ ಸಾಲುಗಳನ್ನೆಲ್ಲ ಮೊದಲಿನಿಂದ ಓದಿದೆ. ಕಳಿಸುತ್ತಿದ್ದ ಉತ್ತರದಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಮಧ್ಯಾಹ್ನವಾಯಿತು. ಮಾಲೀಕರು ಗುಜರಿಯವನಿಗೆ ಫೋನ್ ಮಾಡಿ ಸೋಮವಾರ ಎಷ್ಟು ಗಂಟೆಗೆ ಎಂದು ವಿಚಾರಿಸುತ್ತಿದ್ದರು. ಚಾಚಾ ಅದನ್ನು ಕೇಳಿಸಿಕೊಂಡರು, ಆಮೇಲೆ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದರು.

"ಬೇಟಾ, ನಿನ್ನ ಮಿಷನ್ನು ಬಾಳ ಜಲ್ದಿ ಮಾತಾಡ್ತೈತೆ."

"ಚಾಚಾ, ಇದು ಕಂಪ್ಯೂಟರ್ ವಿಷ್ಯ," ಎಂದೆ. "ನೀವು ಸುಮ್ನಿರ್ರಿ. ನಿಮಗೇನು ಗೊತ್ತಾಗುತ್ತೆ."

ಅವರು ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಎಂಜಿನಿಯರು ತಲೆಯಾಡಿಸಿದರು. ಅಂದು ಬೆಳಗಿನಿಂದ ಅವರು ನನ್ನ ಒಂದು ಮಾತನ್ನು ಒಪ್ಪಿದ್ದು ಅದೇ ಮೊದಲು. ಆ ಒಪ್ಪಿಗೆಯೇ ನನಗೆ ಚುಚ್ಚಿತು. ನಾನು ಆಡಿದ ಮಾತು ನನ್ನದಾಗಿರಲಿಲ್ಲ, ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ನಿಂತಿದ್ದವರದ್ದು. ಕಷ್ಟಪಟ್ಟು ಮೇಲೆ ಬಂದವನು ನಾನು ಎಂದು ಹೇಳಿಕೊಳ್ಳುತ್ತೇನೆ. ಬಂದ ಮೇಲೆ ಮೊದಲು ಮಾಡಿದ್ದು ಇನ್ನೊಬ್ಬರನ್ನು ಹೊರಗೆ ನಿಲ್ಲಿಸುವ ಕೆಲಸ.

ಪೇಂಟಿನ ಡಬ್ಬಿಯಿಂದ ಎದ್ದು ಅವರನ್ನು ಅದರ ಮೇಲೆ ಕೂರಿಸಿದೆ. ಇನ್ನೊಂದು ಸಲ ಹೇಳ್ರಿ ಚಾಚಾ ಎಂದೆ.

"ಹಳೇ ಪೆಟ್ಟಿಗೆ ಕೇಳಿದ ಕೂಡ್ಲೆ ಹೇಳ್ತಿರ್ಲಿಲ್ಲಪ್ಪ. ಮೊದ್ಲು ಖರ್ರ್ ಅಂತಿತ್ತು. ಆಮ್ಯಾಲೆ ಟಕ್, ಟಕ್. ಅದಾದ್ಮ್ಯಾಲೆ ಲೈಟು. ಅಷ್ಟೊತ್ತಿಗೆ ನಾನು ಬಿಸ್ಮಿಲ್ಲಾ ಅಂದು ಒಂದು ಸಲ ಟೂಲ್ ಒರೆಸಿ ಇಡ್ತಿದ್ದೆ. ಈಗ ಬಟ್ಟೆ ಕೈಗೆ ತಗಳ್ಳೋದ್ರೊಳಗೇ ಮುಗಿದೋಗ್ತೈತೆ."

ನನಗೆ ನಗು ಬಂತು, ನನ್ನ ಮೇಲೆಯೇ. ಲೇತ್ ಮುದುಕ. ಪ್ರಶ್ನೆ ಕೇಳಿ ಮುಗಿಸಿ, ಕಿವಿ ಇತ್ತ ತಿರುಗಿಸಲು ಅದಕ್ಕೆ ಹೊತ್ತು ಬೇಕು. ನಾನು ಅದು ಕಿವಿ ತಿರುಗಿಸುವ ಮೊದಲೇ ಸರಿಯುತ್ತರವನ್ನೆಲ್ಲ ಹೇಳಿ ಮುಗಿಸಿ ಕೈಕಟ್ಟಿ ನಿಂತಿದ್ದೆ. ಪೆಟ್ಟಿಗೆಯ ಬುದ್ಧಿಯನ್ನು ನಕಲು ಮಾಡಿದ್ದೆ, ಅದರ ನಿಧಾನವನ್ನು ಬಿಟ್ಟಿದ್ದೆ. ನಾವೂ ಹಾಗೇ ಅಲ್ಲವೇ? ಅರ್ಜಿ ಕೊಟ್ಟ ನಿಮಿಷಕ್ಕೆ ಕಚೇರಿಯಲ್ಲಿ ಕೆಲಸ ಆಗಿಬಿಟ್ಟರೆ ನಮಗೂ ಅನುಮಾನ. ನಾಳೆ ಬಾ ಎಂದು ಎರಡು ಸಲ ಅನ್ನಿಸಿಕೊಂಡರೇನೇ ಸೀಲಿನ ಮೇಲೆ ನಂಬಿಕೆ.

ಆದರೆ ಎಷ್ಟು ನಿಧಾನ? ಸತ್ತ ಪೆಟ್ಟಿಗೆಯನ್ನು ಕೇಳುವಂತಿಲ್ಲ. ಅಳತೆ ಇದ್ದದ್ದು ಒಬ್ಬರ ಕಿವಿಯಲ್ಲಿ. ಚಾಚಾ ಕಣ್ಣು ಮುಚ್ಚಿದರು, ಬಲಗೈಯಲ್ಲಿ ಇಲ್ಲದ ಟೂಲ್ ಹಿಡಿದು ಎಡಗೈಯಲ್ಲಿ ಒರೆಸುತ್ತ, ಬಾಯಲ್ಲಿ ಖರ್ರ್ ಎಂದರು, ಟಕ್ ಎಂದರು, ಇನ್ನೊಂದು ಟಕ್ ಎಂದರು. ನಾನು ಮೊಬೈಲಿನಲ್ಲಿ ಹೊತ್ತು ಅಳೆದೆ. ಐದು ಸಲ ಮಾಡಿಸಿದೆ. ಐದೂ ಸಲ ಹೆಚ್ಚುಕಡಿಮೆ ಒಂದೇ. ಶೆಡ್ಡಿನ ಮಧ್ಯೆ ಬಿಳಿ ಗಡ್ಡದ ಹಿರಿಯರೊಬ್ಬರು ಫ್ಲಾಪಿ ಪೆಟ್ಟಿಗೆಯಂತೆ ಗುರುಗುಟ್ಟುವುದನ್ನೂ ನಾನು ಅದನ್ನು ಬರೆದುಕೊಳ್ಳುವುದನ್ನೂ ಎಂಜಿನಿಯರು ನೋಡುತ್ತಿದ್ದರು. ಅವರ ವರದಿಯಲ್ಲಿ ಇದಕ್ಕೆ ಕಾಲಂ ಇರಲಿಲ್ಲ.

ಖರ್ರ್ ಆದಷ್ಟು ಹೊತ್ತು ಸುಮ್ಮನಿರು, ಆಮೇಲೆ ಉತ್ತರಿಸು, ಟಕ್ಕಿಗೂ ಟಕ್ಕಿಗೂ ನಡುವೆ ಇಷ್ಟು ತಡೆ ಎಂದು ಪ್ರೋಗ್ರಾಮಿನಲ್ಲಿ ಮೂರು ಸಾಲು ಸೇರಿಸಿದೆ. ಚಾಚಾ ಗುಂಡಿ ಒತ್ತಿದರು. ಅವರ ತುಟಿ ಅಲ್ಲಾಡುತ್ತಿತ್ತು, ಕೈ ಟೂಲ್ ಒರೆಸುತ್ತಿತ್ತು. ಒರೆಸಿ ಇಟ್ಟರು. ಲೈಟು ಹತ್ತಿತು. ಪರದೆಯ ಮೇಲೆ ಪ್ರೋಗ್ರಾಮುಗಳ ಪಟ್ಟಿ ಒಂದೊಂದಾಗಿ ಇಳಿಯಿತು.

ಚಾಚಾ ಲೇತಿನ ಕೊರಳಿನಲ್ಲಿ ಬಾಡಿದ್ದ ಮಾಲೆಯನ್ನು ತೆಗೆದು ಬದಿಗಿಟ್ಟು, ಒಂದು ಕಬ್ಬಿಣದ ತುಂಡು ಕಚ್ಚಿಸಿ, ಬುಶ್ ಕೊರೆದರು. ಅಳೆದು ಮಾಲೀಕರ ಕೈಗಿಟ್ಟರು. ಮಾಲೀಕರು ತಾವೂ ಒಂದು ಸಲ ಅಳೆದರು. ಆಮೇಲೆ ಫೋನ್ ತೆಗೆದು ಗುಜರಿಯವನಿಗೆ ಬರುವುದು ಬೇಡ ಎಂದರು. ಅವನು ಒಪ್ಪಲಿಲ್ಲ, ಲಾರಿ ಹೊಂದಿಸಿ ಆಗಿದೆ, ಖಾಲಿ ಹೋಗಲ್ಲ ಎಂದ. ಸೋಮವಾರ ಬಂದು ಶೆಡ್ಡಿನ ಕೆಟ್ಟ ಕೂಲರನ್ನೂ ಹಳೆಯ ಕಬ್ಬಿಣದ ಗೇಟನ್ನೂ ಒಯ್ದನಂತೆ.

ಎಂಜಿನಿಯರು ಸೋಲಲಿಲ್ಲ. ಅವರಂಥವರು ಸೋಲುವ ಪದ್ಧತಿ ಇಲ್ಲ. ತಿಂಗಳ ನಂತರ ಅವರ ಹೊಸ ವರದಿಯನ್ನು ಮಾಲೀಕರು ನನಗೆ ಅಭಿಮಾನದಿಂದ ತೋರಿಸಿದರು. ಹಳೆಯ ಯಂತ್ರವನ್ನು ತಮ್ಮ ಮಾರ್ಗದರ್ಶನದಲ್ಲಿ ಸ್ಥಳೀಯ ಸಹಾಯಕರಿಬ್ಬರ ನೆರವಿನಿಂದ ಆಧುನೀಕರಿಸಲಾಗಿದೆ ಎಂದು ಬರೆದಿತ್ತು. ಸಹಾಯಕರಿಬ್ಬರು ಎಂದು ಇಬ್ಬರನ್ನೂ ಸಮ ಮಾಡಿದ್ದಕ್ಕೆ ನನಗೆ ಬೇಜಾರಾಗಲಿಲ್ಲ. ನ್ಯಾಯವಾಗಿ ಚಾಚಾ ಹೆಸರು ಮೊದಲು ಬರಬೇಕಿತ್ತು.

ಮರುವರ್ಷದ ಆಯುಧ ಪೂಜೆಗೆ ನನ್ನನ್ನೂ ಕರೆದರು. ಈ ಸಲ ಬಾತಿಗೆ ಹೋಗದೆ ಚಾಚಾ ಬೆಳಿಗ್ಗೆಯಿಂದಲೇ ಲೇತಿನ ಪಕ್ಕ ಕಾವಲು ನಿಂತಿದ್ದರು. ಮಾಲೀಕರು ತಟ್ಟೆ ಹಿಡಿದು ಬಂದು, ಸ್ಟೂಲಿನ ಮೇಲಿನ ಕಂಪ್ಯೂಟರಿನ ಸುತ್ತ ಬಗ್ಗಿ ಬಗ್ಗಿ ನೋಡಿದರು.

"ಫ್ಲಾಪಿ ಎಲ್ಲೈತ್ರಿ?"

"ಫ್ಲಾಪಿ ಇಲ್ರಿ," ಎಂದೆ.

"ಇಲ್ದೆ ಮಿಷನ್ ಹೆಂಗೆ ಓಡ್ತೈತೆ?"

"ಐತೆ ಅಂತ ತಿಳ್ಕೊಂಡು ಓಡ್ತೈತ್ರಿ."

ಅವರಿಗೆ ಇದು ಸಮಾಧಾನವಾಗಲಿಲ್ಲ. ವರ್ಷವಿಡೀ ಅನ್ನ ಕೊಟ್ಟದ್ದಕ್ಕೆ ಪೂಜೆ ಮಾಡದೆ ಬಿಡುವ ಮನುಷ್ಯ ಅವರಲ್ಲ. ವಿಭೂತಿಯ ಮೂರು ಬೆರಳು ಗಾಳಿಯಲ್ಲಿ ಜಾಗ ಹುಡುಕುತ್ತ, ಕಂಪ್ಯೂಟರಿನ ಫ್ಯಾನಿನ ಕಿಂಡಿಯ ಕಡೆ ಇಳಿಯತೊಡಗಿದವು. ನಾನೂ ಚಾಚಾನೂ ಒಟ್ಟಿಗೆ ಮುಂದೆ ಬಾಗಿದೆವು. ಚಾಚಾ ಜೇಬಿನಿಂದ ಒಂದು ಫ್ಲಾಪಿ ತೆಗೆದು ಕಂಪ್ಯೂಟರಿನ ನೆತ್ತಿಯ ಮೇಲಿಟ್ಟರು. ಹೋದ ವರ್ಷ ಕೆಟ್ಟ ಹನ್ನೊಂದರಲ್ಲಿ ಮೊದಲನೆಯದು, ಹಳೆಯ ಬೊಟ್ಟು ಇನ್ನೂ ಅದರೊಳಗೆ ಕೆಂಪಗಿತ್ತು.

"ಮಾಲಕ್ರೇ, ಇದಕ್ಕೆ ಹಚ್ರಿ. ಎಷ್ಟು ಬೇಕೋ ಅಷ್ಟು ಹಚ್ರಿ."

ಮಾಲೀಕರು ತೃಪ್ತಿಯಾಗುವಷ್ಟು ಹಚ್ಚಿದರು. ಚಾಚಾ ಗುಂಡಿ ಒತ್ತಿ, ಟೂಲ್ ಒರೆಸಿ ಇಟ್ಟರು. ಲೈಟು ಹತ್ತಿತು. ಅಂದಿನಿಂದ ವರ್ಷಕ್ಕೊಮ್ಮೆ ಓದಲಾಗದ ಫ್ಲಾಪಿ ಪೂಜೆ ಪಡೆಯುತ್ತದೆ, ಕಣ್ಣಿಗೆ ಕಾಣದ ಫ್ಲಾಪಿ ದುಡಿಯುತ್ತದೆ. ಇಬ್ಬರಿಗೂ ತಕರಾರಿಲ್ಲ. ಚಾಚಾ ಇವತ್ತಿಗೂ ಅದೇ ಲೇತಿನ ಮುಂದೆ ಇದ್ದಾರೆ. ಚಾಚಾ ಕೊಟ್ಟ ಖರ್ರ್ ಮತ್ತು ಟಕ್ಕುಗಳ ಅಳತೆ ಪ್ರೋಗ್ರಾಮಿನಲ್ಲಿ ಹಾಗೇ ಇದೆ. ಅದೇ ತರಹದ ಹಳೆಯ ಲೇತ್ ಇರುವ ಬೇರೆ ಶೆಡ್ಡುಗಳಿಗೂ ಅದನ್ನೇ ಹಾಕಿಕೊಟ್ಟೆ. ಹಾಕುವಾಗಲೆಲ್ಲ ಅಲ್ಲಿ ಎಲ್ಲಕ್ಕಿಂತ ಹೆಚ್ಚು ವರ್ಷ ನಿಂತವರು ಯಾರು ಎಂದು ಮೊದಲು ವಿಚಾರಿಸಿ, ಅವರನ್ನು ಕೂರಿಸುತ್ತೇನೆ.

ಈಗ ನನ್ನ ಬಳಿ ಇರುವುದು ಇಷ್ಟು. ಅದೇ ಗಲ್ಲಿಯಲ್ಲಿ ಒಂದು ಅಂಗಡಿ. ಮೂರು ಕಂಪ್ಯೂಟರು, ಮೂರರಲ್ಲೂ ಲಿನಕ್ಸ್. ಓದಬಲ್ಲ ಫ್ಲಾಪಿ ಡ್ರೈವು ಒಂದು. ನನ್ನ ಪ್ರೋಗ್ರಾಮು ನಡೆಯುತ್ತಿರುವ ಶೆಡ್ಡುಗಳು ಹರಿಹರದಲ್ಲಿ ನಾಲ್ಕು, ದಾವಣಗೆರೆಯಲ್ಲಿ ಎರಡು. ಗಿರಾಕಿಗಳಿಗೆ ಪೇಂಟಿನ ಡಬ್ಬಿ ಎರಡು, ಮೆತ್ತೆಯ ಕುರ್ಚಿ ಇಲ್ಲ. ಸ್ಟೀಲ್ ಡಬ್ಬಿಯಲ್ಲಿ, ಬಿಳಿ ಬಟ್ಟೆಯಲ್ಲಿ ಸುತ್ತಿ ಚಾಚಾ ಆಮೇಲೆ ನನಗೇ ಕೊಟ್ಟ ಫ್ಲಾಪಿ ಒಂದು. ಸರ್ಟಿಫಿಕೇಟು, ಸೊನ್ನೆ.